ಕಿವಿ ಸೋರುವಾಗ ಕೇಳಿಸುತ್ತೆ, ಒಣಗಿದರೆ ಕೇಳಿಸಲ್ಲ. ಯಾರಿಗಾದರೂ ಹೀಗೆ ಆಗಿದೆಯಾ?

ಬಲಗಿವಿ_ತಿಪಟೂರು · ಜೂನ್ 12, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನಾಲ್ಕನೇ ಕ್ಲಾಸಿನಿಂದ ಬಲಗಿವಿ ಸೋರುತ್ತಿದೆ. ಶೀತ ಆದಾಗಲೆಲ್ಲ ಕೀವು ಬರುತ್ತೆ, ಹನಿ ಹಾಕಿದರೆ ನಿಲ್ಲುತ್ತೆ, ಮೂರು ನಾಲ್ಕು ತಿಂಗಳಿಗೆ ಮತ್ತೆ ಶುರು. ನೋವು ಇಲ್ಲ. ದಿಂಬಿನ ಮೇಲೆ ಹಳೇ ಟವೆಲ್ ಹಾಕಿಕೊಂಡು ಮಲಗುವುದು ಅಭ್ಯಾಸ ಆಗಿಹೋಗಿದೆ. ಕಿವಿಯ ಪರದೆ ತೂತಾಗಿದೆ ಅಂತ ಮದುವೆಗೆ ಮುಂಚೆಯೇ ಒಬ್ಬ ಡಾಕ್ಟರ್ ಹೇಳಿದ್ದರು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈ ಸಲ ಎರಡು ತಿಂಗಳಿಂದ ಕಿವಿ ಪೂರ್ತಿ ಒಣಗಿದೆ. ಖುಷಿಪಡಬೇಕಿತ್ತು ಅಲ್ವಾ? ಆದರೆ ಮೊದಲಿಗಿಂತ ಮಂದ ಕೇಳಿಸುತ್ತಿದೆ. ಸೋರುವಾಗಲೇ ಇದಕ್ಕಿಂತ ಚೆನ್ನಾಗಿ ಕೇಳಿಸುತ್ತಿತ್ತು. ಮೊನ್ನೆ ಮದುವೆ ಮನೆಯವರೊಬ್ಬರು ಹನ್ನೆರಡು ಇಂಚು ಅಂದದ್ದು ನನಗೆ ಹನ್ನೊಂದು ಅಂತ ಕೇಳಿಸಿ, ರೇಷ್ಮೆ ಬಟ್ಟೆ ಕತ್ತರಿಸಿಬಿಟ್ಟೆ. ಆ ದಿನ ರಾತ್ರಿ ನಿದ್ದೆ ಬರಲಿಲ್ಲ.

ಹನಿಯೇ ಕಿವಿ ಕೆಡಿಸಿತಾ? ಹನಿ ನಿಲ್ಲಿಸಿ ಸೋರಲು ಬಿಡುವುದೇ ವಾಸಿನಾ? ಮನೆಯಲ್ಲಿ ಹೇಳಿದರೆ ಯಾರೂ ನಂಬುತ್ತಿಲ್ಲ.

ಅಜ್ಜಿಮನೆ · ಜೂನ್ 12, ರಾತ್ರಿ 10:15

ತಂಗೀ, ಹೆದರಬೇಡ. ಕೊಬ್ಬರಿ ಎಣ್ಣೆಯಲ್ಲಿ ನಾಲ್ಕು ಬೆಳ್ಳುಳ್ಳಿ ಎಸಳು ಹಾಕಿ ಕಾಯಿಸಿ, ಉಗುರು ಬೆಚ್ಚಗೆ ಆದ ಮೇಲೆ ಎರಡು ಹನಿ ಬಿಡು. ನಮ್ಮ ಮನೆಯಲ್ಲಿ ಎಲ್ಲರಿಗೂ ಇದೇ ಮಾಡುತ್ತಿದ್ದೆವು.

ಆಡಿಯಾಲಜಿಸ್ಟ್_ಮೈಸೂರು · ಜೂನ್ 12, ರಾತ್ರಿ 11:02

ಅಕ್ಕ, ದಯವಿಟ್ಟು ಎಣ್ಣೆ ಹಾಕಬೇಡಿ. ನಿಮ್ಮ ಪರದೆಯಲ್ಲಿ ತೂತಿದೆ. ಹಾಕಿದ್ದೆಲ್ಲ ನೇರವಾಗಿ ಒಳಗಿನ ಕೋಣೆಗೆ ಇಳಿಯುತ್ತೆ. ಅಜ್ಜಿಮನೆಯವರ ಕಾಳಜಿ ನಿಜವಾದದ್ದು, ಆದರೆ ಈ ಕಿವಿಗೆ ಅದು ಆಗದು.

ನೀವು ಹೇಳಿದ್ದನ್ನು ನಾನು ನಂಬುತ್ತೇನೆ. ಕಿವಿ ಪರೀಕ್ಷೆಗೆ ನನ್ನ ಹತ್ತಿರ ಬಂದ ಎಷ್ಟೋ ಜನ ಇದೇ ಮಾತು ಹೇಳಿದ್ದಾರೆ. ಇದಕ್ಕೆ ಕಾರಣವೂ ಇದೆ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ, ಅದರ ತುಂಬ ನೀರಿನಂಥ ದ್ರವ. ಆ ಸುರುಳಿಗೆ ಎರಡು ಕಿಟಕಿ. ಮೊದಲನೆಯದು ಮೊಟ್ಟೆಯಾಕಾರದ ಕಿಟಕಿ. ಕಿವಿಯ ಮೂರು ಪುಟ್ಟ ಮೂಳೆಗಳು ಬಂದು ತಳ್ಳುವುದು ಅದನ್ನೇ. ಎರಡನೆಯದು ದುಂಡು ಕಿಟಕಿ. ಮೊದಲ ಕಿಟಕಿ ಒಳಗೆ ಹೋದಾಗ ಇದು ಹೊರಗೆ ಉಬ್ಬಬೇಕು. ಹಾಗಾದರೇ ದ್ರವ ಅಲುಗಾಡುತ್ತೆ, ನಮಗೆ ಕೇಳಿಸುತ್ತೆ. ಪರದೆ ಸರಿಯಿದ್ದರೆ ಅದು ದುಂಡು ಕಿಟಕಿಗೆ ಗೋಡೆಯಂತೆ ಅಡ್ಡ ನಿಂತಿರುತ್ತೆ. ಪರದೆ ತೂತಾದರೆ ಶಬ್ದ ಎರಡೂ ಕಿಟಕಿಗೆ ಒಟ್ಟಿಗೇ ಬಡಿಯುತ್ತೆ. ಒಂದು ಬಾಗಿಲನ್ನು ಎರಡೂ ಕಡೆಯಿಂದ ಒಂದೇ ಸಲ ತಳ್ಳಿ ನೋಡಿ, ಅದು ಎಲ್ಲಿಗೂ ಹೋಗಲ್ಲ. ಹಾಗೆ.

ಕೀವು ತುಂಬಿದಾಗ ಆ ದುಂಡು ಕಿಟಕಿ ಮುಚ್ಚಿಕೊಳ್ಳುತ್ತೆ. ಶಬ್ದ ಒಂದೇ ಕಡೆಯಿಂದ ತಳ್ಳುತ್ತೆ. ಅದಕ್ಕೇ ಸೋರುವಾಗ ಸ್ವಲ್ಪ ಚೆನ್ನಾಗಿ ಕೇಳಿಸುವುದು. ಕೆಲವರಲ್ಲಿ ಮೂಳೆ ಸವೆದು ನಡುವೆ ಸಂದು ಬಿದ್ದಿರುತ್ತೆ, ಕೀವು ಆ ಸಂದಿನಲ್ಲಿ ಸೇತುವೆಯಂತೆ ನಿಂತಿರುತ್ತೆ. ನಿಮ್ಮದು ಯಾವುದು ಅಂತ ಇಲ್ಲಿ ಕೂತು ಹೇಳಲಾರೆ.

ಆದರೆ ಒಂದು ಮಾತು. ಸೋರಲು ಬಿಡಬೇಡಿ. ಈ ಜೋರಾಗಿ ಕೇಳಿಸುವುದು ಸಾಲ ತಂದ ಹಣ. ಕಿವಿಯ ಪರೀಕ್ಷೆ ಯಾವಾಗಲಾದರೂ ಮಾಡಿಸಿದ್ದೀರಾ? ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕುಂಯ್ ಅನ್ನುವ ಸದ್ದು ಕೇಳಿಸಿದಾಗ ಬಟನ್ ಒತ್ತಿಸುವುದು?

ಬಲಗಿವಿ_ತಿಪಟೂರು · ಜೂನ್ 13, ಬೆಳಿಗ್ಗೆ 6:20

ಇಲ್ಲ ಮೇಡಂ. 28 ವರ್ಷದಲ್ಲಿ ಒಂದು ಸಲವೂ ಇಲ್ಲ. ಹನಿಯ ಚೀಟಿ ಮಾತ್ರ ಬರೆದುಕೊಡುತ್ತಿದ್ದರು. ನಾನೂ ಕೇಳಲಿಲ್ಲ.

ಇಎನ್‌ಟಿ_ದಾವಣಗೆರೆ · ಜೂನ್ 13, ಮಧ್ಯಾಹ್ನ 2:30

ಓಪಿಡಿ ಮುಗಿಸಿ ಬರೆಯುತ್ತಿದ್ದೇನೆ. ಮೇಲಿನ ವಿವರಣೆ ಸರಿಯಾಗಿದೆ. ಹನಿಯ ಬಗ್ಗೆ ಕೇಳಿದ್ದೀರಿ. ಪರದೆ ತೂತಾದ ಕಿವಿಗೆ ಸಿಪ್ರೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಹನಿಗಳಿಂದ ಒಳಕಿವಿಗೆ ತೊಂದರೆ ಇಲ್ಲ. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಹನಿಗಳು ಬೇರೆ ಲೆಕ್ಕ. ಅವು ದುಂಡು ಕಿಟಕಿಯಿಂದ ಒಳಗೆ ಇಳಿದರೆ ಒಳಕಿವಿಗೇ ಪೆಟ್ಟು ಕೊಡಬಹುದು. ಮನೆಯಲ್ಲಿರುವ ಹಳೇ ಬಾಟಲಿ ತೆಗೆದು ಹಾಕಿಕೊಳ್ಳಬೇಡಿ ಅಂತ ಹೇಳುವುದು ಇದಕ್ಕೇ. ಇನ್ನೊಂದು ವಿಷಯ, ಕೀವು ತುಂಬಿರುವ ಕಿವಿಗೆ ಹನಿ ಹಾಕಿದರೆ ಔಷಧ ಒಳಗೆ ಮುಟ್ಟುವುದೇ ಇಲ್ಲ. ಮೊದಲು ಕೀವು ಒರೆಸಬೇಕು. ಶುದ್ಧವಾದ ತೆಳು ಹತ್ತಿ ಬಟ್ಟೆಯನ್ನು ದೀಪದ ಬತ್ತಿಯಂತೆ ಹೊಸೆದು ಕಿವಿಯಲ್ಲಿ ನಿಧಾನಕ್ಕೆ ಇಟ್ಟು, ಒದ್ದೆಯಾದ ಮೇಲೆ ತೆಗೆದು, ಇನ್ನೊಂದು ಇಡಿ. ಒಣಗಿದ ಮೇಲೆ ಹನಿ. ಕಡ್ಡಿ, ಪಿನ್ನು, ಬೆಂಕಿಪೊಟ್ಟಣದ ಕಡ್ಡಿ, ಯಾವುದೂ ಬೇಡ.

ನೀವು ಒಣಗಿದ ಕಿವಿಯನ್ನು ವಾಸಿಯಾದ ಕಿವಿ ಅಂದುಕೊಂಡಿದ್ದೀರಿ. ನಮ್ಮ ಕಡೆ ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ತೂತು ಹಾಗೇ ಇದೆ, ಮೂಳೆ ಏನಾಗಿದೆಯೋ ಗೊತ್ತಿಲ್ಲ.

ಪರದೆಯ ಹಿಂದೆ ಮೂರು ಮೂಳೆ: ಸುತ್ತಿಗೆ, ಅಡಿಗಲ್ಲು, ರಿಕಾಪು (ಕುದುರೆ ಸವಾರ ಕಾಲಿಡುವ ಬಳೆಯಂಥದ್ದು). ಶಾಲೆಯಲ್ಲಿ ಓದಿರುತ್ತೀರಿ. ಪರದೆಯ ಹರವು ರಿಕಾಪಿನ ಪಾದಕ್ಕಿಂತ ಸುಮಾರು 17 ಪಟ್ಟು ಜಾಸ್ತಿ. ಅದರ ಜೊತೆಗೆ ಮೂಳೆಗಳ ಸನ್ನೆಕೋಲು 1.3 ಪಟ್ಟು. ಎರಡೂ ಸೇರಿ ಶಬ್ದದ ಒತ್ತಡ ಸುಮಾರು 22 ಪಟ್ಟು ಹೆಚ್ಚುತ್ತೆ. ಅಷ್ಟು ಹೆಚ್ಚಿದರೇ ಗಾಳಿಯಲ್ಲಿ ಬಂದ ಶಬ್ದ ಒಳಗಿನ ದ್ರವವನ್ನು ಅಲುಗಿಸಬಲ್ಲದು. ಸಣ್ಣ ತೂತಾದರೆ ನಷ್ಟ ಕಮ್ಮಿ. ತೂತು ದೊಡ್ಡದಾದಂತೆ ನಷ್ಟ ಏರುತ್ತೆ. ಮೂಳೆಯ ಕೊಂಡಿ ಕಳಚಿದರೆ ನಷ್ಟ, ಶಬ್ದ ಅಳೆಯುವ ಲೆಕ್ಕದಲ್ಲಿ, 50, 60 ಡೆಸಿಬಲ್‌ವರೆಗೂ ಹೋಗಬಹುದು. ಎಲ್ಲಕ್ಕಿಂತ ಮೊದಲು ಸವೆಯುವುದು ಅಡಿಗಲ್ಲಿನ ಉದ್ದ ತುದಿ. ಅಲ್ಲಿಗೆ ರಕ್ತ ಸಾಗುವುದೇ ಕಮ್ಮಿ.

ಕಿವಿ ಒಣಗಿರುವ ಈ ಸಮಯವೇ ಪರೀಕ್ಷೆಗೆ ಒಳ್ಳೆಯದು. ತಡಮಾಡಬೇಡಿ.

ಅಡಿಕೆ_ತೀರ್ಥಹಳ್ಳಿ · ಜೂನ್ 13, ರಾತ್ರಿ 8:50

ನನ್ನ ಕಥೆ ಹೇಳಲೇಬೇಕು. ನನ್ನ ಎಡಗಿವಿ ಜಾಸ್ತಿ ಸೋರುತ್ತಲೇ ಇರಲಿಲ್ಲ. ವಾರಕ್ಕೊಮ್ಮೆ ಒಂದೆರಡು ಹನಿ. ಆದರೆ ವಾಸನೆ. ಹೆಂಡತಿ ಪಕ್ಕದಲ್ಲಿ ಮಲಗುವುದಕ್ಕೆ ಕಷ್ಟಪಡುತ್ತಿದ್ದಳು, ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನೋವಿಲ್ಲ. ಕೇಳಿಸುವುದೂ ಚೆನ್ನಾಗಿಯೇ ಇತ್ತು. ಅದನ್ನೇ ನಂಬಿ ಹತ್ತು ವರ್ಷ ಕಳೆದೆ. ಒಂದು ದಿನ ತೋಟದಲ್ಲಿ ಬಗ್ಗಿ ಏಳುವಾಗ ಭೂಮಿ ಗಿರ್ರನೆ ತಿರುಗಿತು.

ಸ್ಕ್ಯಾನ್ ಮಾಡಿದಾಗ ಕೊಲೆಸ್ಟಿಯಟೋಮಾ ಅಂದರು. ಪರದೆಯ ಚರ್ಮ ಒಳಗೆ ಎಳೆದುಕೊಂಡು ಚೀಲದಂತೆ ಬೆಳೆದು, ಸುತ್ತಲಿನ ಮೂಳೆ ತಿನ್ನುತ್ತಿತ್ತು. ನನ್ನ ಮೂಳೆಗಳಲ್ಲಿ ಎರಡು ಆಗಲೇ ಹೋಗಿದ್ದವು. ಮತ್ತೆ ಕೇಳಿಸುತ್ತಿದ್ದದ್ದು ಹೇಗೆ? ಆ ಚೀಲವೇ ಶಬ್ದ ಸಾಗಿಸುತ್ತಿತ್ತಂತೆ. ರೋಗದ ಮೂಲಕ ಕೇಳಿಸಿಕೊಳ್ಳುತ್ತಿದ್ದೆ ನಾನು. ಆ ಮಾತು ಇವತ್ತಿಗೂ ಮರೆತಿಲ್ಲ.

ಚೀಲ ತೆಗೆದ ಮೇಲೆ ಆ ಕಿವಿ ಮೊದಲಿಗಿಂತ ಮಂದವಾಯಿತು. ಡಾಕ್ಟರ್ ಮೊದಲೇ ಹೇಳಿದ್ದರು: ಇದು ಜೀವ ಉಳಿಸುವ ಆಪರೇಷನ್, ಕೇಳಿಸುವುದು ಆಮೇಲಿನ ಮಾತು ಅಂತ. ಮಿದುಳಿಗೆ ಕೀವು ಹೋಗಬಹುದಿತ್ತು, ಮುಖದ ಒಂದು ಕಡೆ ಸೊಟ್ಟಾಗಬಹುದಿತ್ತು. ಈಗ ಆರು ತಿಂಗಳಿಗೊಮ್ಮೆ ಹೋಗಿ ಕ್ಲೀನ್ ಮಾಡಿಸುತ್ತೇನೆ. ತಣ್ಣೀರು ಹೋದರೆ, ಬೈಕಿನಲ್ಲಿ ಚಳಿಗಾಳಿ ಹೊಡೆದರೆ ತಲೆಸುತ್ತು ಬರುತ್ತೆ. ಮಫ್ಲರ್ ಇಲ್ಲದೆ ಮನೆ ಬಿಡುವುದಿಲ್ಲ.

ತಂಗೀ, ನಿಮ್ಮ ಕಿವಿಯಲ್ಲಿ ವಾಸನೆ ಇದೆಯಾ? ಸ್ವಲ್ಪ ಯೋಚಿಸಿ ಹೇಳಿ.

ಬಲಗಿವಿ_ತಿಪಟೂರು · ಜೂನ್ 13, ರಾತ್ರಿ 9:30

ಇಲ್ಲ ಅಣ್ಣ. ಲೋಳೆ ಲೋಳೆಯಾಗಿ ಬರುತ್ತೆ, ವಾಸನೆ ಇಲ್ಲ. ನೀವು ಬರೆದದ್ದು ಓದಿ ಕೈ ನಡುಗಿತು. ಸೋಮವಾರ ತುಮಕೂರಿಗೆ ಹೋಗುತ್ತೇನೆ.

ಎರಡೂಕಿವಿ_ಗದಗ · ಜೂನ್ 14, ಬೆಳಿಗ್ಗೆ 7:45

ಅಕ್ಕಾರ, ಜರೂರ ಹೋಗ್ರಿ. ನಮ್ಮ ಅಪ್ಪಗೆ ಎರಡೂ ಕಿವಿ. ಮೂವತ್ತು ವರ್ಷ ಸೋರಿದವು. ಹೊಲದ ಕೆಲಸ ಬಿಟ್ಟು ದವಾಖಾನೆಗೆ ಹೋಗಲಿಲ್ಲ. ಈಗ 64. ಪಕ್ಕದಲ್ಲಿ ಕೂತು ಕೂಗಿದರೂ ಅರ್ಧ ಕೇಳುತ್ತದೆ. ಮೊಮ್ಮಕ್ಕಳು ಮಾತಾಡಿಸುವುದನ್ನೇ ಬಿಟ್ಟಾರ. ಕಿವಿ ಮಿಷನ್ ತಂದುಕೊಟ್ಟೆವು. ಹಾಕಿಕೊಂಡರೆ ವಾರದಲ್ಲಿ ಕೀವು ಶುರು, ತೆಗೆದಿಟ್ಟರೆ ಕೇಳುವುದಿಲ್ಲ. ಪರೀಕ್ಷೆ ಮಾಡಿದವರು "ಎಲುಬಿನ ಗೆರೆನೂ ಇಳಿದೈತಿ" ಅಂದರು. ಅದರ ಅರ್ಥ ಯಾರೂ ಬಿಡಿಸಿ ಹೇಳಲಿಲ್ಲ. ಇಲ್ಲಿ ತಿಳಿದವರು ಹೇಳ್ತೀರೇನು?

ಆಡಿಯಾಲಜಿಸ್ಟ್_ಮೈಸೂರು · ಜೂನ್ 14, ಬೆಳಿಗ್ಗೆ 10:10

ಹೇಳುತ್ತೇನೆ. ಇದು ಎಲ್ಲರೂ ತಿಳಿದಿರಬೇಕಾದ ವಿಷಯ.

ಪರೀಕ್ಷೆಯ ಕಾಗದದಲ್ಲಿ ಎರಡು ಗೆರೆ ಇರುತ್ತವೆ. ಗೆರೆ ಕೆಳಗಿಳಿದಷ್ಟೂ ಡೆಸಿಬಲ್ ಅಂಕಿ ಏರುತ್ತೆ, ಅಂದರೆ ಕೇಳಿಸುವುದು ಕಮ್ಮಿ. ಹೆಡ್‌ಫೋನ್ ಹಾಕಿ ನೋಡಿದ್ದು ಗಾಳಿಯ ಗೆರೆ. ಕಿವಿಯ ಹಿಂದಿನ ಮೂಳೆಗೆ ಒಂದು ಸಣ್ಣ ಬಿಲ್ಲೆ ಒತ್ತಿ ನೋಡಿದ್ದು ಮೂಳೆಯ ಗೆರೆ. ಮೂಳೆಯ ದಾರಿ ಪರದೆಯನ್ನೂ ಮೂರು ಮೂಳೆಗಳನ್ನೂ ಬಿಟ್ಟು ನೇರ ಒಳಕಿವಿಗೆ ಹೋಗುತ್ತೆ. ಗಾಳಿಯ ಗೆರೆ ಇಳಿದು ಮೂಳೆಯ ಗೆರೆ ಮೇಲೇ ಇದ್ದರೆ, ಒಳಕಿವಿ ಗಟ್ಟಿಯಿದೆ, ದಾರಿಯಲ್ಲಿ ತಡೆ ಇದೆ ಅಂತ ಅರ್ಥ. ಎರಡರ ನಡುವಿನ ಅಂತರವನ್ನು ಆಪರೇಷನ್ನಿನಿಂದ ಬಹುಮಟ್ಟಿಗೆ ತುಂಬಿಕೊಳ್ಳಬಹುದು.

ವರ್ಷಗಟ್ಟಲೆ ಸೋರಿದಾಗ ಸೋಂಕಿನ ವಿಷ ದುಂಡು ಕಿಟಕಿಯ ತೆಳು ಪೊರೆ ದಾಟಿ ಒಳಕಿವಿಗೆ ಇಳಿಯುತ್ತೆ. ಮೊದಲು ಕೀಚಲು ಸ್ವರದ ಸದ್ದುಗಳು ಹೋಗುತ್ತವೆ, ಆಮೇಲೆ ಉಳಿದವು. ಆಗ ಮೂಳೆಯ ಗೆರೆಯೂ ಇಳಿಯುತ್ತೆ. ಹಾಗೆ ಹೋದದ್ದು ತಿರುಗಿ ಬರುವುದಿಲ್ಲ. ನಿಮ್ಮ ತಂದೆಯವರಿಗೆ ಎರಡೂ ಸೇರಿದೆ. ವಯಸ್ಸಿನದೂ ಒಂದು ಪಾಲು ಇರಬಹುದು.

ಮಿಷನ್ ಬಗ್ಗೆ. ಕಿವಿಯೊಳಗೆ ಅಚ್ಚು ತೂರಿಸಿದರೆ ಗಾಳಿ ಆಡುವುದಿಲ್ಲ, ಒಳಗೆ ಬೆವರುತ್ತೆ, ಸೋರುತ್ತೆ. ಅಂಥವರಿಗೆ ಮೂಳೆಯ ಮೂಲಕ ಕೇಳಿಸುವ ಮಿಷನ್ ಇದೆ. ತಲೆಗೆ ಪಟ್ಟಿಯಂತೆ ಹಾಕಿಕೊಂಡು ಕಿವಿಯ ಹಿಂದೆ ಒತ್ತಿರುವಂಥದ್ದು. ತಲೆಮೂಳೆಗೆ ಸಣ್ಣ ಸ್ಕ್ರೂ ಹಾಕಿ ಕೂರಿಸುವುದೂ ಇದೆ, ಅದಕ್ಕೆ ಖರ್ಚು ಜಾಸ್ತಿ. ಎರಡಕ್ಕೂ ಮೂಳೆಯ ಗೆರೆ ಎಷ್ಟು ಉಳಿದಿದೆ ಅನ್ನುವುದು ಮುಖ್ಯ. ಒಮ್ಮೆ ಮೈಸೂರಿಗೆ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆತನ್ನಿ. ಇಲ್ಲಿ ಆಟೋದವರಿಗೆ "ಸ್ಪೀಚ್ ಅಂಡ್ ಹಿಯರಿಂಗ್" ಅಂದರೆ ಸಾಕು. ಪರೀಕ್ಷೆ, ಇಎನ್‌ಟಿ ಡಾಕ್ಟರ್, ಮಿಷನ್ ಎಲ್ಲ ಒಂದೇ ಕಡೆ ಸಿಗುತ್ತೆ. ಬಡವರಿಗೆ ಮಿಷನ್ ಕೊಡಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆ ಇದೆ, ಅದನ್ನೂ ಕೇಳಿ.

ಅಂಗವಿಕಲರ ಕಾರ್ಡ್ ಬಗ್ಗೆಯೂ ಯೋಚಿಸಿ. 2016ರ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ನಷ್ಟ ಇದ್ದರೆ "ಕೇಳುವ ತೊಂದರೆ ಇರುವವರು", 70 ದಾಟಿದರೆ "ಕಿವುಡರು" ಅಂತ ಲೆಕ್ಕ. ಒಂದೇ ಕಿವಿ ಹೋದವರು ಇದರಲ್ಲಿ ಬರುವುದಿಲ್ಲ. ಅವರ ಕಷ್ಟ ಸಣ್ಣದು ಅಂತಲ್ಲ. ರಸ್ತೆ ದಾಟುವಾಗ ಹಾರ್ನ್ ಯಾವ ಕಡೆಯಿಂದ ಅಂತ ತಿಳಿಯದವರನ್ನು ದಿನಾ ನೋಡುತ್ತೇನೆ.

ಎರಡೂಕಿವಿ_ಗದಗ · ಜೂನ್ 14, ಬೆಳಿಗ್ಗೆ 10:40

ಇಷ್ಟು ದಿವಸ ಯಾರೂ ಹೀಂಗ ಬಿಡಿಸಿ ಹೇಳಿರಲಿಲ್ರಿ. ಅಪ್ಪನ್ನ ಕರಕೊಂಡು ಬರ್ತೀನಿ.

ಟೀಚರ್_ಸಿಂಧನೂರು · ಜೂನ್ 15, ಸಂಜೆ 6:05

ನಾನು ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ಈ ಚರ್ಚೆ ಓದಿ ನನ್ನದೊಂದು ತಪ್ಪು ಹೇಳಿಕೊಳ್ಳಬೇಕು ಅನಿಸಿತು.

ಹೋದ ವರ್ಷ ಒಬ್ಬ ಹುಡುಗ ಇದ್ದ. ಕರೆದರೆ ತಿರುಗುತ್ತಿರಲಿಲ್ಲ. ಉಕ್ತಲೇಖನದಲ್ಲಿ ಒತ್ತಕ್ಷರ ಎಲ್ಲ ಬಿಡುತ್ತಿದ್ದ. "ಅಲ್ಲಿ" ಅಂದರೆ "ಅಲಿ". "ಬಂದಳು", "ಬಂದರು" ಎರಡಕ್ಕೂ "ಬಂದ". ಮೊಂಡ, ಗಮನ ಕೊಡಲ್ಲ ಅಂತ ನಾನೇ ಅವನ ತಾಯಿಯ ಮುಂದೆ ಹೇಳಿದೆ. ಆ ತಾಯಿ ತಲೆ ತಗ್ಗಿಸಿ ಹೋದರು.

ಆರ್‌ಬಿಎಸ್‌ಕೆ ಅನ್ನುವ, ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ತಂಡ ಶಾಲೆಗೆ ಬಂದಾಗ ಟಾರ್ಚ್ ಹಾಕಿ ನೋಡಿ, ಎರಡೂ ಕಿವಿಯಲ್ಲಿ ಕೀವು ಅಂದರು. ಅವನು ಹತ್ತಿ ತುರುಕಿಕೊಂಡು ಬರುತ್ತಿದ್ದ. ಉದ್ದ ಕೂದಲಿನಿಂದ ಮುಚ್ಚಿತ್ತು, ನನಗೆ ಕಾಣಲೇ ಇಲ್ಲ. ಅವನು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ನಮ್ಮ ಮಾತಿನಲ್ಲಿ ಗಂಡೋ ಹೆಣ್ಣೋ, ಒಬ್ಬರೋ ಹಲವರೋ ಅನ್ನುವುದೆಲ್ಲ ಮಾತಿನ ಬಾಲದಲ್ಲೇ ಇರುತ್ತೆ ಅಲ್ವಾ? ಆ ಬಾಲವನ್ನು ನಾವು ಮೆಲ್ಲಗೆ ಹೇಳುತ್ತೇವೆ. ಅವನಿಗೆ ಆ ಬಾಲವೇ ಕೇಳಿಸುತ್ತಿರಲಿಲ್ಲ.

ಈಗ ಮೊದಲ ಬೆಂಚಿನಲ್ಲಿ ಕೂರಿಸಿದ್ದೇವೆ. ಬೋರ್ಡಿನ ಕಡೆ ಮುಖ ಮಾಡಿ ಮಾತಾಡುವುದನ್ನು ಬಿಟ್ಟಿದ್ದೇನೆ. ಜಿಲ್ಲಾ ಆಸ್ಪತ್ರೆಯಲ್ಲಿ ಔಷಧ ನಡೆಯುತ್ತಿದೆ. ತಾಯಿಯ ಹತ್ತಿರ ಕ್ಷಮೆ ಕೇಳಿದೆ.

ಪುಟ್ಟನಮ್ಮ · ಜೂನ್ 15, ರಾತ್ರಿ 9:15

ಟೀಚರ್, ಓದಿ ಕಣ್ಣು ತುಂಬಿತು. ನನ್ನ ಮಗುವಿಗೆ ಎರಡು ವರ್ಷ. ಶೀತ ಆದಾಗಲೆಲ್ಲ ಕಿವಿ ಹಿಡಿದು ಅಳುತ್ತಾನೆ, ಎರಡು ಸಲ ಸೋರಿತು. ಅವನಿಗೂ ಹೀಗೇ ಆಗುತ್ತಾ? ಮಕ್ಕಳಿಗೇ ಯಾಕೆ ಜಾಸ್ತಿ?

ಇಎನ್‌ಟಿ_ದಾವಣಗೆರೆ · ಜೂನ್ 16, ಮಧ್ಯಾಹ್ನ 3:00

ಮೂಗಿನ ಹಿಂಭಾಗದಿಂದ ಕಿವಿಗೆ ಒಂದು ಸಣ್ಣ ನಳಿಕೆ ಇದೆ. ದೊಡ್ಡವರಲ್ಲಿ ಅದು ಉದ್ದ, ಇಳಿಜಾರಾಗಿ ಇರುತ್ತೆ. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಮ್ಮಿ ಅಡ್ಡಕ್ಕೆ ಮಲಗಿರುತ್ತೆ. ಶೀತದ ಸೋಂಕು ಸುಲಭವಾಗಿ ಹತ್ತಿಬಿಡುತ್ತೆ. ಮಲಗಿಸಿ ಬಾಟಲಿಯಲ್ಲಿ ಹಾಲು ಕೊಡಬೇಡಿ, ತಲೆ ಎತ್ತಿ ಹಿಡಿದು ಕುಡಿಸಿ. ಮನೆಯಲ್ಲಿ ಬೀಡಿ, ಸಿಗರೇಟಿನ ಹೊಗೆ ಬೇಡ. ಲಸಿಕೆಗಳನ್ನು ತಪ್ಪಿಸಬೇಡಿ.

ಒಂದೆರಡು ಸಲ ಸೋರಿ ನಿಂತರೆ ತೂತು ತಾನೇ ಮುಚ್ಚಿಕೊಳ್ಳುವುದೇ ಹೆಚ್ಚು. ಆದರೆ 14 ದಿನ ದಾಟಿಯೂ ಸೋರುತ್ತಿದ್ದರೆ ಅದನ್ನು ಹಳೇ ಸೋಂಕು ಅಂತಲೇ ನೋಡಬೇಕು. ಕಿವಿಯ ಹಿಂದೆ ಊದಿ ಕಿವಿ ಮುಂದಕ್ಕೆ ಬಾಗಿದರೆ, ಜ್ವರದ ಜೊತೆ ವಾಂತಿ ತಲೆನೋವು ಬಂದರೆ, ಬಾಯಿ ಒಂದು ಕಡೆ ಎಳೆದರೆ, ಆ ರಾತ್ರಿಯೇ ಆಸ್ಪತ್ರೆಗೆ ಓಡಿ. ಬೆಳಗಾಗಲಿ ಅಂತ ಕಾಯಬೇಡಿ.

ಬಲಗಿವಿ_ತಿಪಟೂರು · ಜೂನ್ 18, ರಾತ್ರಿ 8:20

ಹೋಗಿ ಬಂದೆ. ಎಡಗಿವಿ ಸರಿಯಿದೆ. ಬಲಗಿವಿಯ ಗಾಳಿಯ ಗೆರೆ 48, ಮೂಳೆಯ ಗೆರೆ 12 ಅಂತ ಬರೆದಿದ್ದಾರೆ. ಮೇಡಂ, ನೀವು ಹೇಳಿದ ಅಂತರ 36. ಒಳಕಿವಿ ಚೆನ್ನಾಗಿದೆ ಅಂದರು. ಅದನ್ನು ಕೇಳಿ ಅಲ್ಲೇ ಅತ್ತುಬಿಟ್ಟೆ.

ಆಮೇಲೆ ಡಾಕ್ಟರ್ ತೂತಿನ ಮೇಲೆ ಒಂದು ಸಣ್ಣ ತೇಪೆ ಇಟ್ಟು ಮತ್ತೆ ಪರೀಕ್ಷೆ ಮಾಡಿಸಿದರು. ಅದರಿಂದ ಕೇಳಿಸುವುದು ಹೆಚ್ಚಲಿಲ್ಲ. ಸ್ವಲ್ಪ ಕಮ್ಮಿಯೇ ಆಯಿತು.

ಇಎನ್‌ಟಿ_ದಾವಣಗೆರೆ · ಜೂನ್ 18, ರಾತ್ರಿ 10:00

ಹಾಗಾದರೆ ಮೂಳೆಯ ಕೊಂಡಿಯಲ್ಲೂ ತೊಂದರೆ ಇರಬಹುದು. ಬರೀ ತೂತಿನ ತೊಂದರೆ ಆಗಿದ್ದರೆ ತೇಪೆ ಇಟ್ಟಾಗ ಹೆಚ್ಚಬೇಕಿತ್ತು. ಪರದೆ ಕೂರಿಸುವಾಗಲೇ ಮೂಳೆಯನ್ನೂ ನೋಡುತ್ತಾರೆ. ನಿಮ್ಮ ಮೂಳೆಯ ಗೆರೆ 12 ಅನ್ನುವುದು ದೊಡ್ಡ ಆಸ್ತಿ. ಆಯುಷ್ಮಾನ್ ಕಾರ್ಡ್ ಇದ್ದರೆ ಆಸ್ಪತ್ರೆಯಲ್ಲಿ ಮೊದಲೇ ತೋರಿಸಿ ಕೇಳಿ.

ಅಜ್ಜಿಮನೆ · ಜೂನ್ 19, ಬೆಳಿಗ್ಗೆ 5:50

ಮಗಳೇ, ಒಳ್ಳೆಯದಾಗಲಿ. ಎಣ್ಣೆಯ ಮಾತು ನಾನು ಗೊತ್ತಿಲ್ಲದೆ ಹೇಳಿದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಇದೇ ಮಾಡುತ್ತಿದ್ದೆವು ಅಂದೆನಲ್ಲ, ರಾತ್ರಿಯೆಲ್ಲ ಯೋಚಿಸಿದೆ. ನನ್ನ ಚಿಕ್ಕ ತಮ್ಮನಿಗೆ ಕಿವಿ ಸೋರುವುದು ನಿಂತಿತು, ಆದರೆ ಅವನು ಜೀವನಪೂರ್ತಿ ಬಲಕ್ಕೆ ತಲೆ ತಿರುಗಿಸಿಯೇ ಮಾತು ಕೇಳುತ್ತಾನೆ. ಅದು ಅವನ ಸ್ವಭಾವ ಅಂದುಕೊಂಡಿದ್ದೆವು.

ಬಲಗಿವಿ_ತಿಪಟೂರು · ಆಗಸ್ಟ್ 9, ಸಂಜೆ 5:30

ಆಪರೇಷನ್ ಆಗಿ ಎರಡು ವಾರ. ಕಿವಿಯ ಹಿಂದೆ ಕೊಯ್ದು, ಕಿವಿಯ ಮೇಲ್ಭಾಗದ ಸ್ನಾಯುವಿನ ಪೊರೆ ತೆಗೆದು ಹೊಸ ಪರದೆ ಮಾಡಿದ್ದಾರೆ. ಅಡಿಗಲ್ಲಿನ ತುದಿ ಸವೆದು ಹೋಗಿತ್ತು. ಅದೇ ಮೂಳೆಯನ್ನು ತೆಗೆದು, ಕೊರೆದು ಆಕಾರ ಕೊಟ್ಟು, ಸುತ್ತಿಗೆಗೂ ರಿಕಾಪಿಗೂ ನಡುವೆ ಕೂರಿಸಿದರಂತೆ. ಹಳೇ ಬಟ್ಟೆಯಲ್ಲೇ ಹೊಸ ತೇಪೆ ಹಾಕಿದ ಹಾಗೆ ಅಂತ ನನ್ನ ಮನಸ್ಸಿಗೆ ಬಂತು.

ಈಗ ಏನೂ ಕೇಳಿಸುತ್ತಿಲ್ಲ. ಭಯ ಆಗಿದೆ.

ಆಡಿಯಾಲಜಿಸ್ಟ್_ಮೈಸೂರು · ಆಗಸ್ಟ್ 9, ರಾತ್ರಿ 9:00

ಒಳಗೆ ಆಸರೆಗೆ ಸ್ಪಂಜಿನಂಥದ್ದು ತುಂಬಿರುತ್ತಾರೆ. ಅದು ಕರಗಬೇಕು. ಈಗ ಕೇಳಿಸದೆ ಇರುವುದು ಸಹಜ. ಜೋರಾಗಿ ಮೂಗಿನಿಂದ ಗಾಳಿ ಊದಿ ಸಿಂಬಳ ತೆಗೆಯಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ಭಾರ ಎತ್ತಬೇಡಿ. ತಲೆಸ್ನಾನದ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ. ಸರಿಯಾದ ಲೆಕ್ಕ ಸಿಗುವುದು ಮೂರು ತಿಂಗಳ ಪರೀಕ್ಷೆಯಲ್ಲಿ.

ಬಲಗಿವಿ_ತಿಪಟೂರು · ನವೆಂಬರ್ 3, ರಾತ್ರಿ 9:10

ಗಾಳಿಯ ಗೆರೆ 48 ಇದ್ದದ್ದು 26 ಆಗಿದೆ. ಪೂರ್ತಿ ಸರಿಯಾಗಿಲ್ಲ, ಆಗುವುದೂ ಇಲ್ಲ ಅಂತ ಹೇಳಿದ್ದಾರೆ. ಪರದೆ ಕೂತಿದೆ. ವರ್ಷಕ್ಕೊಮ್ಮೆ ತೋರಿಸಬೇಕು. ಹೊಲಿಗೆ ಮಿಷನ್ ಇಷ್ಟು ಸದ್ದು ಮಾಡುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಮಗಳು ಬಲಗಡೆಯಿಂದ ಬಂದು ಕಿವಿಯಲ್ಲಿ ಗುಟ್ಟು ಹೇಳಿದಳು, ಕೇಳಿಸಿತು.

ಗದಗದ ಅಣ್ಣ, ಅಪ್ಪ ಹೇಗಿದ್ದಾರೆ?

ಎರಡೂಕಿವಿ_ಗದಗ · ನವೆಂಬರ್ 3, ರಾತ್ರಿ 10:25

ಮೈಸೂರಿಗೆ ಹೋಗಿ ಬಂದ್ವಿ ಅಕ್ಕಾರ. ತಲೆಪಟ್ಟಿಯ ಮಿಷನ್ ಕೊಟ್ಟಾರ. ಟೊಪ್ಪಿಗೆ ಒಳಗ ಹಾಕಿಕೊಂಡು ಹೊಲಕ್ಕೆ ಹೋಗ್ತಾನ. ಸಣ್ಣ ಮಾತು ಇನ್ನೂ ತಪ್ಪತಾವ. ನಿನ್ನೆ ಮೊಮ್ಮಗಳು ಅಂಗಳದಾಗಿಂದ "ಅಜ್ಜಾ" ಅಂದಳು. "ಏನವ್ವಾ" ಅಂದ.